ಪಕ್ಕದ ಸೀಟಿನ ಕ್ಲಚ್ಚು

"ಒತ್ತು! ಪೂರ್ತಿ ಒತ್ತು! ಕ್ಲಚ್ ಒತ್ತದೆ ಗಿಯರ್ ಎಳೀಬೇಡ ಅಂತ ಎಷ್ಟು ಸಲ ಹೇಳ್ಲಿ ನಿನಗೆ?"

"ಒತ್ತಿದ್ದೀನಿ ಭಾವ! ಇನ್ನೂ ಒತ್ತಿದ್ರೆ ಕಾಲು ನೆಲ ತೂತು ಮಾಡ್ಕೊಂಡು ಆಚೆ ಬರತ್ತೆ!"

ಪತ್ತೇದಾರ ಹಲ್ಲು ಕಚ್ಚಿ ಗಿಯರ್ ರಾಡನ್ನು ರಿವರ್ಸಿಗೆ ಎಳೆದ. ಗಿಯರ್ ಬಾಕ್ಸು ಕರ್ರ್ ಎಂದು ಕಿರುಚಿತು. ಕಾರು ಒಮ್ಮೆ ಮೈ ಕೊಡವಿತು. ಅಂಗಳದ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು, ಇವನನ್ನು ಒಂದು ಸಲ ದಿಟ್ಟಿಸಿ ನೋಡಿ, ಪಕ್ಕದ ಮನೆಗೆ ಇಳಿದುಹೋಯಿತು.

ಹೊರಗೆ ನಿಂತಿದ್ದ ಭಾವ ಕಾರಿನ ನೆತ್ತಿಯ ಮೇಲೆ ಅಂಗೈಯಿಂದ ಪಟಪಟನೆ ಬಡಿದರು. ಡ್ರೈವಿಂಗ್ ಸ್ಕೂಲು ನಡೆಸುವ ಇವರನ್ನು ಊರೆಲ್ಲ ಕರೆಯುವುದು ಬ್ರೇಕ್ ಮೇಷ್ಟ್ರು ಎಂದೇ. ಊಟಕ್ಕೆ ಕೂತಾಗಲೂ ಯಾರಾದರೂ ನೀರು ಬಗ್ಗಿಸುತ್ತಿದ್ದರೆ ಲೋಟ ತುಂಬುವ ಮೊದಲೇ 'ಬ್ರೇಕ್!' ಎನ್ನುವವರು.

ಇವತ್ತು ಮಾತ್ರ ಅವರು ಪಕ್ಕದ ಸೀಟಿನಲ್ಲಿ ಕೂರುವ ಹಾಗಿರಲಿಲ್ಲ. ಕೂರುವುದಿರಲಿ, ಕಾರಿನೊಳಗೆ ಕೈ ಕೂಡ ಇಡಕೂಡದು ಎಂದು ಇನ್ಸ್‌ಪೆಕ್ಟರ್ ಕಟ್ಟಪ್ಪಣೆ ಮಾಡಿದ್ದ. ಮೊನ್ನೆ ಬೆಳಕು ಹರಿಯುವ ಹೊತ್ತಿಗೆ ಇದೇ ಕಾರು ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಜ್ಜನನ್ನು ಕೆಡವಿ ಓಡಿಹೋಗಿತ್ತು, ಅಜ್ಜ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾರು ಓಡಿಸಿದವರು ಬೇರೆ ಯಾರೋ ಎಂದು ಪತ್ತೇದಾರ ಇವತ್ತು ಸಂಜೆಯೊಳಗೆ ತೋರಿಸಿಕೊಡದಿದ್ದರೆ ಅವನ ಭಾವ ಪೊಲೀಸ್ ಜೀಪು ಹತ್ತಬೇಕಿತ್ತು.

ಕಾರು ಇದೇ ಎನ್ನುವುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬಂಪರಿನ ಸಂದಿಯಲ್ಲಿ ಅಜ್ಜನ ಬಟ್ಟೆಗಂಟಿನ ಚೂರೊಂದು ಸಿಕ್ಕಿಹಾಕಿಕೊಂಡಿತ್ತು. ಎದುರು ಮಹಡಿಯ ಟೈಲರು ಸದ್ದಿಗೆ ಎದ್ದು ಕಿಟಕಿ ತೆಗೆದಾಗ ಅವನಿಗೆ ಕಂಡದ್ದು ಕಾರಿನ ನೆತ್ತಿ, ನೆತ್ತಿಯ ಮೇಲಿನ ಎಲ್ ಬೋರ್ಡು, ಅಷ್ಟೇ. ಒಳಗೆ ಯಾರಿದ್ದರೋ ಅವನು ಕಾಣ. ಆದರೆ ಕಾರು ಹಿಂದಕ್ಕೆ ಬರುವಾಗ ಗಿಯರು ಕಿರುಚಿದ್ದನ್ನು ಮಾತ್ರ ಅವನು ಕೇಳಿದವರಿಗೆಲ್ಲ ಬಾಯಲ್ಲೇ ಅಭಿನಯಿಸಿ ತೋರಿಸುತ್ತಿದ್ದ.

"ಹಿಂದಿನ ದಿನ ಸಂಜೆವರೆಗೂ ಈ ಗಿಯರು ಬೆಣ್ಣೆ ಹಾಗೆ ಬೀಳ್ತಿತ್ತು ಕಣಯ್ಯಾ," ಎಂದರು ಭಾವ. ಮೊನ್ನೆಯಿಂದ ಅವರು ಹೇಳುತ್ತಿದ್ದ ಮಾತು ಇದೊಂದೇ. "ನಾನೇ ಶೆಡ್ಡಿಗೆ ಹಾಕಿದೀನಿ. ಕಿರಿಕ್ ಅಂದಿಲ್ಲ."

"ಮೇಷ್ಟ್ರೇ, ಸುಮ್ನಿರಿ. ಗಾಡಿ ಮುದುಕಿ. ಮುದುಕಿ ಅಂದ್ಮೇಲೆ ಕೀಲು ಹಿಡಿಯತ್ತೆ."

ಹೀಗೆ ಅಂದವನು ಗ್ಯಾರೇಜ್ ಡಾಕ್ಟರು. ಇಂಜಿನ್ನಿಗೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ರೋಗ ಹೇಳುವ ಮೆಕ್ಯಾನಿಕ್ಕು. ಅವನು ಬೆಳಗಿನಿಂದ ಈ ಕಾರಿಗೆ ಹೇಳಿದ ರೋಗಗಳಿಗೆ ಲೆಕ್ಕವಿಲ್ಲ. ಮೊದಲು ಗಿಯರ್ ಆಯಿಲ್ ಗಟ್ಟಿಯಾಗಿದೆ ಅಂದ. ಆಮೇಲೆ ಗಿಯರ್ ರಾಡಿನ ಕೆಳಗಿನ ಬುಷ್, ಆ ರಬ್ಬರಿನ ಬಳೆ, ಸವೆದಿದೆ ಅಂದ. ಈಗ ಗಿಯರ್ ಬಾಕ್ಸನ್ನೇ ಇಳಿಸಬೇಕು ಎನ್ನುವಲ್ಲಿಗೆ ಬಂದು ನಿಂತಿದ್ದ. ಸಾಲದ್ದಕ್ಕೆ, 'ಈ ಕಾರಿನ ಗಿಯರು ಮೊದಲಿಂದಲೂ ಹೀಗೇ' ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟು ಬಂದ ಪುಣ್ಯಾತ್ಮನೂ ಇವನೇ.

ಆ ಒಂದು ಹೇಳಿಕೆ ಭಾವನ ಕುತ್ತಿಗೆಗೆ ಬಂದಿತ್ತು. ಗಿಯರು ಮೊದಲಿಂದಲೂ ಹೀಗಿದ್ದರೆ ಟೈಲರು ಕೇಳಿದ ಸದ್ದಿನಲ್ಲಿ ಹೊಸತೇನೂ ಇಲ್ಲ. ಭಾವ ಹೇಳುವುದು ನಿಜವಾದರೆ, ಆ ರಾತ್ರಿ ಕಳೆದು ಟೈಲರು ಆ ಸದ್ದು ಕೇಳುವುದರೊಳಗೆ ಈ ಕಾರಿನಲ್ಲಿ ಏನೋ ನಡೆದಿದೆ. ಪತ್ತೇದಾರನಿಗೆ ಬೇಕಾಗಿದ್ದುದು ಆ ಏನೋ.

ಹಿತ್ತಿಲ ಬಾಗಿಲು ದೂಡಿಕೊಂಡು ಅಕ್ಕ ಹೊರಗೆ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಬಂದು ಎಲ್ಲರ ಮುಖ ನೋಡಿದಳು.

"ಪುಟ್ಟಾ, ಏನಾದ್ರೂ ಸಿಕ್ತೇನೋ?"

ಪುಟ್ಟ ಅನ್ನಿಸಿಕೊಂಡ ಪತ್ತೇದಾರನ ತಲೆಯ ನಡುವೆ ಬೋಳು ಮಿಂಚುತ್ತಿತ್ತು. "ಸಿಕ್ತು ಅಕ್ಕಾ, ಬೆನ್ನುನೋವು."

"ನನಗೆ ತಲೆನೋವು. ಒಳಗೆ ಅಮ್ಮ ಮೊನ್ನೆಯಿಂದ ಆ ಕೋಲು ಕುಟ್ಕೊಂಡು ಟೊಕ್ ಟೊಕ್ ಅಂತ ಓಡಾಡ್ತಿದ್ದಾಳೆ. ಒಂದ್ಕಡೆ ಕೂತ್ಕೋ ಅಂದ್ರೆ ಕೇಳಲ್ಲ. ಹೊಸ ಟೈಲ್ಸೆಲ್ಲ ಗೀರಾಗಿದೆ." ಆಮೇಲೆ ಗಂಡನ ಕಡೆ ತಿರುಗಿ, "ರೀ, ಅವರಿಗೆ ಊಟ ಆಯ್ತಾ ಕೇಳು ಅಂದ್ಲು ಅಮ್ಮ," ಎಂದಳು.

"ಆಗಿದೆ ಅಂತ ಅವರಿಗೆ ಹೇಳು," ಎಂದರು ಭಾವ, ಆಕಾಶ ನೋಡಿಕೊಂಡು.

ಅತ್ತೆ ಅಳಿಯ ಇಬ್ಬರೂ ಒಂದೇ ಸೂರಿನ ಕೆಳಗಿದ್ದು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಡ್ರೈವಿಂಗ್ ಸ್ಕೂಲು ಕಟ್ಟಿದ್ದು ಪತ್ತೇದಾರನ ಅಪ್ಪ ಅಮ್ಮ. ಅಪ್ಪ ಹೋದ ಮೇಲೂ ಅಮ್ಮ ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು. ಮಂಡಿಯ ಆಪರೇಷನ್ ಆದ ಮೇಲೆ ಭಾವ, 'ಅತ್ತೆಯವರು ಇನ್ನು ಗಾಡಿ ಹತ್ತೋದು ಬೇಡ' ಎಂದು ಕೀ ಕಿತ್ತುಕೊಂಡರು. ಅಷ್ಟಕ್ಕೇ ಸುಮ್ಮನಾಗದೆ, ಅವಳ ಕೈಗೆ ಎಟುಕದ ಹಾಗೆ ಅಡುಗೆಮನೆ ಬಾಗಿಲ ಮೇಲೆ, ಎತ್ತರದ ಮೊಳೆಗೆ ನೇತುಹಾಕಿದರು. ಮಾತು ನಿಂತದ್ದು ಅಂದೇ.

"ಭಾವ, ಇನ್ನೊಂದು ಸಲ ಕೇಳ್ತೀನಿ," ಎಂದ ಪತ್ತೇದಾರ. "ಕೀ ಮೊಳೆ ಮೇಲಿತ್ತು. ನೀವು ಮಲಗಿದ್ರಿ. ನಿಮ್ಮನ್ನ ಬಿಟ್ಟು ಅದನ್ನ ತಗೊಳ್ಳೋರು ಯಾರು?"

ಭಾವ ಬಾಗಿ, ಟೈರಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದರು.

"ನೀವು ಜೈಲಿಗೆ ಹೋಗೋ ಹಂಗಿದೆ! ಟೈರು ಕೆರೀತಾ ಇದ್ದೀರಲ್ಲ!"

"ನಂಗೊತ್ತಿಲ್ಲ ಅಂದ್ನಲ್ಲಯ್ಯಾ."

ಪತ್ತೇದಾರನಿಗೆ ಮೈಯೆಲ್ಲ ಉರಿಯಿತು. ಎಷ್ಟೋ ಕಳ್ಳರ, ಮೋಸಗಾರರ ಬಾಯಿ ಬಿಡಿಸಿದವನು ಅವನು. ನಿರಪರಾಧಿಯೊಬ್ಬನ ಬಾಯಿ ಬಿಡಿಸುವುದು ಇಷ್ಟು ಕಷ್ಟ ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ರೇಗಿಹೋಗಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದ. ಅದೇ ರೇಗಿನಲ್ಲಿ ಗಿಯರ್ ರಾಡಿಗೆ ಒಂದು ಗುದ್ದು ಕೊಟ್ಟ.

ರಾಡು ಸಲೀಸಾಗಿ ಜಾರಿ ಮೊದಲ ಗಿಯರಿಗೆ ಕೂತಿತು.

ಅವನು ಅದನ್ನೇ ನೋಡಿದ. ಎರಡಕ್ಕೆ ಎಳೆದ. ಬಂತು. ಮೂರು, ನಾಲ್ಕು, ಕೊನೆಗೆ ಆ ಹಾಳು ರಿವರ್ಸು, ಎಲ್ಲವೂ ಕರೆದ ಕಡೆಗೆ ಬಂದವು. ಇಂಜಿನ್ ಶುರು ಮಾಡಿ ಮತ್ತೆ ಎಳೆದ. ಕರ್ರ್.

"ಡಾಕ್ಟ್ರೇ, ಇಲ್ಲಿ ಬನ್ನಿ. ಆಯಿಲ್ ಗಟ್ಟಿ ಆಗಿದ್ರೆ ಇಂಜಿನ್ ನಿಂತಾಗ್ಲೂ ಗಿಯರು ಬಿಗಿಯಾಗೇ ಇರ್ಬೇಕಲ್ವಾ?"

"ಇರ್ಬೇಕು."

"ಬುಷ್ ಸವೆದಿದ್ರೆ?"

"ಆಗ್ಲೂ..." ಡಾಕ್ಟರು ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡ. "ಆಗ್ಲೂ ಇರ್ಬೇಕು ಅನ್ಸತ್ತೆ."

"ಇಂಜಿನ್ ನಿಂತ್ರೆ ಸರಿ, ಓಡ್ತಿದ್ರೆ ಬಿಗಿ. ಅಂದ್ರೆ ರೋಗ ಗಿಯರ್ ಬಾಕ್ಸಲ್ಲಿಲ್ಲ. ಕ್ಲಚ್ಚು ಇಂಜಿನ್ನಿನ ಕೈಯನ್ನ ಪೂರ್ತಿ ಬಿಡಿಸ್ತಾ ಇಲ್ಲ."

"ಕೇಬಲ್ ನಾನೇ ಬೆಳಗ್ಗೆ ಬಿಗಿ ಮಾಡಿದೀನಿ ಸಾರ್. ಕೇಬಲ್ ತಂಟೆಗೆ ಬರ್ಬೇಡಿ. ಹಾಗಾದ್ರೆ ಕ್ಲಚ್ ಪ್ಲೇಟು ಹೋಗಿದೆ. ಇಳಿಸ್ಬೇಕು."

"ನಿಮಗೆ ಏನಾದ್ರೂ ಇಳಿಸ್ದಿದ್ರೆ ಸಮಾಧಾನವೇ ಇಲ್ಲ ನೋಡಿ."

ಪತ್ತೇದಾರ ಸೀಟಿಗೆ ಒರಗಿ ಕ್ಲಚ್ಚನ್ನು ನಿಧಾನವಾಗಿ ಒತ್ತಿ ಹಿಡಿದ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಕಾಲಿಗಲ್ಲ, ಬೆನ್ನಿಗೆ. ಬೆನ್ನು ಹಾಯಾಗಿ ಸೀಟಿಗೆ ಒರಗಿತ್ತು.

ಇದೇ ಕಾರಿನಲ್ಲಿ, ಇದೇ ಸೀಟಿನಲ್ಲಿ ಅವನು ಡ್ರೈವಿಂಗ್ ಕಲಿಯಲು ಹೋಗಿ ಸೋತಿದ್ದ. ಅವನದು ಗಿಡ್ಡ ಕಾಲು. ಕ್ಲಚ್ಚು ತಳ ಮುಟ್ಟಬೇಕೆಂದರೆ ಅವನು ಸೀಟಿನಿಂದ ಮುಂದಕ್ಕೆ ಜಾರಬೇಕು. ಜಾರಿದರೆ ರಸ್ತೆ ಕಾಣದು. ಅದಕ್ಕೇ ಅಮ್ಮ ಮನೆಯಿಂದ ದಿಂಬು ತಂದು ಬೆನ್ನಿಗೆ ಕೊಡುತ್ತಿದ್ದಳು. 'ಡ್ರೈವಿಂಗ್ ಸ್ಕೂಲಿನವರ ಮಗ ದಿಂಬು ಹೊತ್ಕೊಂಡು ಕ್ಲಾಸಿಗೆ ಬರ್ತಾನೆ' ಎಂದು ಬೀದಿಯೆಲ್ಲ ನಕ್ಕಿತ್ತು. ಇವತ್ತು ದಿಂಬೂ ಇಲ್ಲ, ಜಾರಲೂ ಇಲ್ಲ. ಆದರೂ ಕ್ಲಚ್ಚು ತಳಕ್ಕೆ ಮುಟ್ಟಿದೆ ಎಂದು ಕಾಲು ಹೇಳುತ್ತಿತ್ತು.

ಈ ವಯಸ್ಸಿನಲ್ಲಿ ಕಾಲು ಬೆಳೆಯುವುದಿಲ್ಲ. ಕ್ಲಚ್ಚೇ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ಅವನು ಬಾಗಿಲು ತೆಗೆದು ಕೆಳಗಿಳಿದು, ಮಂಡಿಯೂರಿ, ಪೆಡಲಿನ ಹಿಂದೆ ಕೈಯಾಡಿಸಿದ. ಏನೂ ಇಲ್ಲ. ಮ್ಯಾಟು ಎತ್ತಿ ನೋಡಿದ. ಮಣ್ಣು, ಒಂದು ಪೆನ್ನಿನ ಮುಚ್ಚಳ, ಮತ್ತೆ ಮಣ್ಣು.

"ಈ ಪೆಡಲು ಇಲ್ಲಿ ಯಾವುದಕ್ಕೂ ತಾಗ್ತಾ ಇಲ್ಲ," ಎಂದ, ಕಾರಿನೊಳಗಿಂದಲೇ. "ಆದ್ರೂ ಕೆಳಗೆ ಹೋಗ್ತಾ ಇಲ್ಲ. ಯಾರು ಹಿಡ್ಕೊಂಡಿದ್ದಾರೆ ಇದನ್ನ?"

ಡಾಕ್ಟರು, ಭಾವ, ಅಕ್ಕ ಮೂವರೂ ಒಟ್ಟಿಗೆ ಪಕ್ಕದ ಸೀಟಿನ ಬಾಗಿಲ ಕಡೆ ನೋಡಿದರು.

ಡ್ರೈವಿಂಗ್ ಸ್ಕೂಲಿನ ಕಾರು ಅದು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು. ಎರಡು ಕಡೆಯ ಕ್ಲಚ್ಚಿಗೂ ನಡುವೆ ಒಂದೇ ಸರಳು. ಇದು ಇಳಿದರೆ ಅದೂ ಇಳಿಯಬೇಕು, ಅದು ನಿಂತರೆ ಇದೂ ನಿಲ್ಲಬೇಕು. ಬೆಳಗಿನಿಂದ ಎಲ್ಲರೂ ಓಡಿಸುವವನ ಕಾಲಡಿಯಲ್ಲೇ ರೋಗ ಹುಡುಕುತ್ತ ಕೂತಿದ್ದರು.

ಪತ್ತೇದಾರ ಕಾರನ್ನು ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದ. ಸೀಟಿನ ಮೇಲೆ ಹೊಟ್ಟೆ ಊರಿ, ತಲೆ ಕೆಳಗೆ ಮಾಡಿ ಪೆಡಲುಗಳ ಹಿಂದೆ ಕೈ ಹಾಕಿದ. ಕಪ್ಪು ಮ್ಯಾಟಿನ ಮೇಲೆ ಕಪ್ಪಗೆ ಏನೋ ಕೈಗೆ ತಾಗಿತು. ಕ್ಲಚ್ಚಿನ ತೋಳಿಗೂ ನೆಲಕ್ಕೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಹಿಡಿದು ತಿರುಚಿ ಎಳೆದ. ಬರಲಿಲ್ಲ. ಬೈದುಕೊಂಡು ಮತ್ತೊಮ್ಮೆ ಎಳೆದ. ಪಟ್ ಎಂದು ಕೈಗೆ ಬಂತು.

ಒಂದು ರಬ್ಬರಿನ ಟೊಪ್ಪಿ. ಬುಡದಲ್ಲಿ ದಪ್ಪ, ಒಳಗೆ ಟೊಳ್ಳು.

"ಬುಷ್!" ಎಂದು ಕೂಗಿದ ಡಾಕ್ಟರು. "ಬುಷ್ ಅಂತ ನಾನು ಬೆಳಗ್ಗೇನೇ ಹೇಳ್ಲಿಲ್ವಾ?"

"ಎಲ್ಲಿಂದಲೋ ಬಿದ್ದಿರೋ ಕಸ," ಎಂದರು ಭಾವ. ಅವರ ದನಿ ಇದ್ದಕ್ಕಿದ್ದಂತೆ ತಗ್ಗಿತ್ತು. "ಎಸೆದುಬಿಡು ಅದನ್ನ. ಗಿಯರು ಸರಿಹೋಯ್ತಲ್ಲ, ಬಿಡು."

ಪತ್ತೇದಾರ ಎಸೆಯಲಿಲ್ಲ. ರಬ್ಬರಿನ ಟೊಳ್ಳಿನೊಳಗೆ ಬಟ್ಟೆಯ ತುಂಡೊಂದು ಸುತ್ತಿಕೊಂಡಿತ್ತು. ನೀಲಿ ಚೌಕುಳಿ. ಆ ಚೌಕುಳಿ ಅವನಿಗೆ ಗೊತ್ತು. ಹಳೆಯ ಅಂಗಿ ಹರಿದು, ಸಡಿಲವಾಗಿದ್ದ ರಬ್ಬರು ಬಿಗಿಯಾಗಿ ಕೂರಲಿ ಎಂದು ಆ ತುಂಡನ್ನು ಒಳಗೆ ಸುತ್ತಿದವನು ಅವನೇ. ಅಂಗಿಯೂ ಅವನದೇ.

ಮನೆಯೊಳಗಿಂದ ಸದ್ದು ಬಂತು. ಟೊಕ್. ಟೊಕ್. ಟೊಕ್.

ಅಕ್ಕ ತಲೆ ಚಚ್ಚಿಕೊಂಡಳು. "ನೋಡಿದ್ಯಾ? ಮತ್ತೆ ಶುರುವಾಯ್ತು."

ಪತ್ತೇದಾರ ಭಾವನನ್ನು ನೋಡಿದ. ಭಾವ ಟೈರನ್ನು ನೋಡುತ್ತಿದ್ದರು. ಎರಡು ದಿನದಿಂದ ಈ ಮನುಷ್ಯ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಪತ್ತೇದಾರನಿಗೆ ಆಗ ಅರ್ಥವಾಯಿತು. ಅರ್ಥವಾಗಿ ಅವನ ಸಿಟ್ಟೇನೂ ಇಳಿಯಲಿಲ್ಲ, ಅದರ ಪಕ್ಕಕ್ಕೆ ಇನ್ನೊಂದು ಸಂಕಟ ಬಂದು ಕೂತಿತು. ಭಾವನನ್ನು ಬಿಡಿಸುವ ಸಾಕ್ಷಿ ಕೈಯಲ್ಲಿತ್ತು. ಅದನ್ನು ಕೊಡುವುದೆಂದರೆ ಅಮ್ಮನನ್ನು ಕೊಡುವುದು.

"ನೀವಿಲ್ಲೇ ಇರಿ," ಎಂದು ಹೇಳಿ ಅವನು ಒಳಗೆ ನಡೆದ.

* * *

ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೋಲು ಕುರ್ಚಿಗೆ ಒರಗಿತ್ತು. ಬಾಗಿಲ ಮೇಲೆ, ಅವಳ ಕೈಗೆ ಎಟುಕದ ಎತ್ತರದಲ್ಲಿ, ಕೀ ನೇತುಹಾಕುವ ಮೊಳೆ. ಕೋಲಿನ ಹಿಡಿ ಕೊಕ್ಕೆಯ ಹಾಗೆ ಬಾಗಿದೆ ಎನ್ನುವುದನ್ನು ಮೊಳೆ ಹೊಡೆದ ದಿನ ಭಾವನೂ ಯೋಚಿಸಲಿಲ್ಲ, ಇಷ್ಟು ದಿನ ತಾನೂ ಯೋಚಿಸಲಿಲ್ಲ ಎಂದು ಪತ್ತೇದಾರ ತನಗೆ ತಾನೇ ಛೀಮಾರಿ ಹಾಕಿಕೊಂಡ.

"ಅಮ್ಮ, ಕೋಲಿನ ರಬ್ಬರು ಎಲ್ಲಿ?"

"ಎಲ್ಲೋ ಬಿದ್ದೋಯ್ತು."

"ಎಲ್ಲಿ ಬಿತ್ತು?"

"ಎಲ್ಲಿ ಅಂತ ಗೊತ್ತಿದ್ರೆ ಎತ್ಕೊಳ್ತಿರ್ಲಿಲ್ವೇನೋ? ಪತ್ತೇದಾರ ಅಂತ ಬೋರ್ಡು ಹಾಕ್ಕೊಂಡಿದ್ದೀಯ, ಕೇಳೋ ಪ್ರಶ್ನೆ ನೋಡು."

ಅವನು ಮುಷ್ಟಿ ಬಿಚ್ಚಿದ. ಅಮ್ಮ ಅಂಗೈಯನ್ನು ನೋಡಿದಳು, ಬಟಾಣಿಯ ಸಿಪ್ಪೆ ಕೆಳಗಿಟ್ಟಳು, ಕೋಲನ್ನು ಎತ್ತಿ ತುದಿ ಅವನ ಕಡೆ ಮಾಡಿ ಹಿಡಿದಳು.

"ಸಿಕ್ತಾ? ಹಾಕ್ಕೊಡು."

"ಅಮ್ಮಾ!"

"ಕೂಗ್ಬೇಡ. ಅಕ್ಕ ಬರ್ತಾಳೆ."

"ಬರ್ಲಿ! ಅಲ್ಲಿ ಭಾವ ಜೈಲಿಗೆ ಹೋಗ್ತಿದ್ದಾರೆ. ಇಲ್ಲಿ ನೀನು ಬಟಾಣಿ ಬಿಡಿಸ್ತಾ ಇದ್ದೀಯ. ಮೊನ್ನೆ ಆ ಕಾರಲ್ಲಿ ಇದ್ದಿದ್ದು ನೀನು. ಹೌದಾ ಅಲ್ವಾ?"

ಅಮ್ಮ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಸ್ವಲ್ಪ ಹೊತ್ತು ಅದರ ಬರಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

"ಓಡಿಸಿದ್ದು ನಾನಲ್ಲ. ಪಕ್ಕದಲ್ಲಿ ಕೂತಿದ್ದೆ."

"ಅಂದ್ರೆ ಕಲಿಸ್ತಾ ಇದ್ದೆ."

"ಮತ್ತೇನು, ಗಾಳಿ ತಗೊಳ್ತಾ ಇದ್ನಾ? ಎಲ್ಲರೆದುರು ಕಲಿಯೋಕೆ ನಾಚ್ಕೊಳ್ಳೋರು ಇರ್ತಾರೆ ಕಣೋ. ತಲೆ ನೆರೆತಿರತ್ತೆ, ದೊಡ್ಡ ಕೆಲಸದಲ್ಲಿರ್ತಾರೆ. ಒಂದು ಕ್ಲಚ್ಚು ಒತ್ತೋಕೆ ಬರಲ್ಲ ಅಂತ ಹೇಳ್ಕೊಳ್ಳೋಕಾಗಲ್ಲ. ಅಂಥೋರು ಹಿಂದಿನಿಂದಲೂ ನನ್ ಹತ್ರಾನೇ ಬರ್ತಿದ್ರು, ಜನ ಏಳೋ ಮುಂಚೆ. ಈಗ್ಲೂ ಬರ್ತಾರೆ. ನಿಮ್ಮ ಭಾವ ಕೀ ಎತ್ತರಕ್ಕೆ ಹಾಕಿದ್ರೆ ಸ್ಕೂಲು ಮುಚ್ಚಿದ ಹಾಗಾಯ್ತಾ?"

"ನಿನ್ನ ಮಂಡಿ ಬಗ್ಗಲ್ಲ ಅಮ್ಮ. ಬ್ರೇಕ್ ಹೇಗೆ ಒತ್ತುತ್ತೀಯ?"

ಅವಳು ಕೋಲನ್ನು ಎತ್ತಿ ಮೇಜಿನ ಕಾಲಿಗೆ ಊರಿ, ಎರಡೂ ಕೈಯಿಂದ ಬಲವಾಗಿ ಅದುಮಿ ತೋರಿಸಿದಳು.

ಪತ್ತೇದಾರ ಕುರ್ಚಿ ಎಳೆದು ಕೂತುಬಿಟ್ಟ. "ಕೋಲಲ್ಲಿ. ಕೋಲಲ್ಲಿ ಬ್ರೇಕ್ ಒತ್ತುತ್ತಿದ್ದೆ."

"ಚೆನ್ನಾಗೇ ಹಿಡೀತಿತ್ತು. ಯಾವತ್ತೂ ಕೈಕೊಟ್ಟಿರ್ಲಿಲ್ಲ." ಅಮ್ಮನ ದನಿಯಲ್ಲಿ ಮೊದಲಿನ ಗತ್ತು ಇತ್ತು, ಮುಂದಿನ ಮಾತಿಗೆ ಅದು ಉಳಿಯಲಿಲ್ಲ. "ಆವತ್ತು ಅಜ್ಜ ಗಂಟು ಹೊತ್ಕೊಂಡು ತಿರುವಿನಲ್ಲಿ ಅಡ್ಡ ಬಂದ. ನಾನು ಒತ್ತಿದೆ ಕಣೋ. ಜೀವ ಬಿಟ್ಟು ಒತ್ತಿದೆ. ರಬ್ಬರು ಕಳಚ್ಕೊಳ್ತು, ಕೋಲು ಪೆಡಲ್ ಮೇಲಿಂದ ಜಾರಿಹೋಯ್ತು. ಅಷ್ಟರಲ್ಲಿ..."

ಅವಳ ಕಣ್ಣು ತುಂಬಿಕೊಂಡಿತ್ತು. ಮಗ ಅದನ್ನು ನೋಡಿದ್ದನ್ನು ಅವಳೂ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರು ಕೀ ಕಿತ್ಕೊಂಡಿದ್ದು ಸರಿ," ಎಂದಳು. "ಇದನ್ನ ನಾನು ಅವರಿಗೆ ಹೇಳಲ್ಲ. ನೀನೂ ಹೇಳ್ಬೇಡ."

ಪತ್ತೇದಾರನಿಗೆ ಅಮ್ಮನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಹಿಡಿದು ಅಲ್ಲಾಡಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಕೇಳಿದ:

"ಓಡಿಸ್ತಿದ್ದೋರು ಯಾರು?"

"ಕಲಿಯೋಕೆ ಬಂದೋರ ಹೆಸರು ಹೇಳೋ ಅಭ್ಯಾಸ ನಿಮ್ಮಪ್ಪನಿಗೂ ಇರ್ಲಿಲ್ಲ, ನನಗೂ ಇಲ್ಲ."

"ಇಸ್ತ್ರಿ ಅಜ್ಜ ಕಣ್ಣು ಬಿಟ್ಟಿಲ್ಲ ಅಮ್ಮ! ನಿನ್ನ ಅಳಿಯನ್ನ ಕರ್ಕೊಂಡ್ಹೋಗೋಕೆ ಇನ್ಸ್‌ಪೆಕ್ಟರ್ ದಾರೀಲಿದ್ದಾನೆ. ಇದು ಮಾತು ಉಳಿಸ್ಕೊಳ್ಳೋ ಹೊತ್ತಾ?"

"ನಾನು ಅಲ್ಲಿಂದ ಏಳಲ್ಲ ಅಂದೆ. ಆಂಬುಲೆನ್ಸಿಗೆ ಫೋನು ಮಾಡು ಅಂದೆ. ಮಾಡ್ದ. ಅದು ಬರೋ ಸದ್ದು ಕೇಳಿದ್ಮೇಲೇ ಗಾಡಿ ತಿರುಗಿಸಿದ್ದು. ಎಲ್ಲಾ ನಾನು ನೋಡ್ಕೋತೀನಿ, ನೀವು ಸುಮ್ನೆ ಮನೆಗೆ ಹೋಗಿ ಅಂದ. ನೋಡ್ಕೊಂಡಿದ್ದು ಹೀಗೆ. ನಾಚಿಕೆ ಇಲ್ಲದವನು."

ಫೋನು ಬಂದದ್ದು ನಿಜ. ಹೆಸರು ಹೇಳದ ಗಂಡಸೊಬ್ಬ ಕರೆ ಮಾಡಿದ್ದ ಎಂದು ಆಸ್ಪತ್ರೆಯವರು ನಿನ್ನೆಯೇ ಹೇಳಿದ್ದರು. ಯಾರ ಕರೆ ಎಂದು ಹುಡುಕಿಸಿ ಎಂದು ಪತ್ತೇದಾರ ಕೇಳಿದಾಗ, 'ಅದೆಲ್ಲ ಬೇಡದ ತಲೆಹರಟೆ, ಗಾಡಿ ಸಿಕ್ಕಿದೆ, ಮೇಷ್ಟ್ರು ಸಿಕ್ಕಿದ್ದಾರೆ' ಎಂದು ಇನ್ಸ್‌ಪೆಕ್ಟರ್ ಕೈ ಒದರಿಬಿಟ್ಟಿದ್ದ.

ಬೀದಿಯ ಕಡೆಯಿಂದ ಜೀಪಿನ ಸದ್ದು ಕೇಳಿತು. ಗೇಟಿನ ಮುಂದೆ ಬಂದು ಗಕ್ಕನೆ ನಿಂತು, ಮುಂದಕ್ಕೆ ಒಂದು ಸಲ ಮುಗ್ಗರಿಸಿ, ಮತ್ತೆ ನಿಂತಿತು. ಪತ್ತೇದಾರ ಎದ್ದು ಕಿಟಕಿಗೆ ಬಂದ. ಜೀಪಿನ ಡ್ರೈವರು ಪಕ್ಕದ ಸೀಟಿನಲ್ಲಿ ಮುಂದಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ತುಟಿ ಬಿಗಿದುಕೊಂಡು ಕೂತಿದ್ದ. ಸ್ಟಿಯರಿಂಗ್ ಹಿಡಿದಿದ್ದವನು ಇನ್ಸ್‌ಪೆಕ್ಟರ್.

ಗೇಟಿನೊಳಗೆ ತರಲು ಜೀಪನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅವನು ರಿವರ್ಸ್ ಹಾಕಿದ. ಜೀಪಿನ ಗಿಯರು ಬೀದಿಗೆಲ್ಲ ಕೇಳುವ ಹಾಗೆ ಕರ್ರ್ ಎಂದಿತು.

"ಒತ್ತು! ಪೂರ್ತಿ ಒತ್ತು!" ಎಂದು ಅಂಗಳದಿಂದ ಭಾವ ಕೂಗಿದರು. ತನ್ನನ್ನು ಹಿಡಿದುಕೊಂಡು ಹೋಗಲು ಬಂದ ಜೀಪು ಅದು ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಆ ಜೀಪಿನಲ್ಲಿ ಎರಡನೆಯ ಕ್ಲಚ್ಚಿಲ್ಲ. ಅದರ ಕೆಳಗೆ ಯಾವ ರಬ್ಬರೂ ಸಿಕ್ಕಿಕೊಂಡಿಲ್ಲ. ಕಿರುಚಿಸಿದ್ದು ಓಡಿಸುವವನ ಕಾಲೇ. ಪತ್ತೇದಾರ ಮೆಲ್ಲಗೆ ಅಮ್ಮನ ಕಡೆ ತಿರುಗಿದ.

ಅಮ್ಮ ಕಿಟಕಿಯ ಕಡೆ ನೋಡಲೇ ಇಲ್ಲ. ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಎಷ್ಟು ಹೇಳ್ಕೊಟ್ರೂ ಅಷ್ಟೇ," ಎಂದಳು. "ರಿವರ್ಸ್ ಬೀಳೋ ಮುಂಚೇನೇ ಕಾಲು ಎತ್ತಿಬಿಡ್ತಾನೆ."

"ಅಮ್ಮ... ಅವತ್ತೇ ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಪೊಲೀಸಿಗೆ ಹೇಳೋಣ ನಡಿ ಅಂದೆ ಕಣೋ. 'ನಾನೇ ಅಲ್ವಾ ಪೊಲೀಸು' ಅಂದ."

ಅಂಗಳದಲ್ಲಿ ಬೂಟಿನ ಸದ್ದಾಯಿತು. ಅದರ ಹಿಂದೆಯೇ ಗ್ಯಾರೇಜ್ ಡಾಕ್ಟರನ ಉಬ್ಬಿದ ದನಿ: "ಸಿಕ್ತು ಸಾರ್, ಬುಷ್ ಸಿಕ್ತು! ಪಕ್ಕದ ಸೀಟಿನ ಕೆಳಗೆ! ನಾನು ಮೊದ್ಲೇ ಹೇಳಿದ್ದೆ. ಒಳಗೆ ತಗೊಂಡ್ಹೋಗಿದ್ದಾರೆ ನೋಡಿ."

ಬೂಟಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಬೇಗ ಬೇಗ ಮೆಟ್ಟಿಲು ಹತ್ತಿತು.

ಇನ್ಸ್‌ಪೆಕ್ಟರ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಹಣೆಯ ಮೇಲೆ ಬೆವರಿತ್ತು, ಮುಖದ ಮೇಲೆ ನಗುವಿತ್ತು.

"ಏನೋ ಸಿಕ್ತಂತೆ ಪತ್ತೇದಾರ್ರೇ. ಕೊಡಿ ಇಲ್ಲಿ."

ಪತ್ತೇದಾರ ಮುಷ್ಟಿ ಬಿಗಿ ಮಾಡಿದ. ಅಮ್ಮ ಮೇಜು ಹಿಡಿದು ಎದ್ದು, ಕೋಲೂರಿ ಮಗನ ಮುಂದೆ ಬಂದು ನಿಂತಳು. ಟೊಕ್ ಎಂದಿತು. ಇನ್ಸ್‌ಪೆಕ್ಟರನ ಕಣ್ಣು ಆ ಸದ್ದಿಗೆ ಕೆಳಗೆ ಹೋಯಿತು, ಕೋಲಿನ ಬರಿಯ ತುದಿಯ ಮೇಲೆ ನಿಂತಿತು, ಅಲ್ಲಿಂದ ಪತ್ತೇದಾರನ ಮುಷ್ಟಿಗೆ ಬಂತು. ನಗು ಹಾಗೇ ಇತ್ತು. ಹಿಂದೆ ಕೈ ಚಾಚಿ ಅವನು ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದ.